ಮೂವತ್ತಾರು ತಿರುವಿನ ಮೇಳ

ಮಸಿನಗುಡಿ ಪೇಟೆ ದಾಟಿದರೆ ಮುಳ್ಳುಪೊದೆ, ಲಂಟಾನ, ಒಣಹುಲ್ಲು. ನೆರಳಲ್ಲಿ ಮೆಲುಕು ಹಾಕುವ ಜಿಂಕೆಗಳು. ಎದುರಿಗೆ ನೀಲಗಿರಿ ನೆಟ್ಟಗೆ ಎದ್ದಿದೆ. ಊಟಿಗೆ ಹತ್ತಿಸುವ ಕಲ್ಹಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವು, ತಿರುವಿಗೊಂದು ನಂಬರ್ ಬೋರ್ಡು. ಜೀಪು ಫಸ್ಟ್ ಗೇರಿನಲ್ಲಿ ನರಳುತ್ತದೆ.

36 ಎಂದರೆ ಸಂಗೀತ ಕಲಿತವರ ಕಿವಿ ನಿಮಿರುತ್ತದೆ. ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳಲ್ಲಿ ಶುದ್ಧ ಮಧ್ಯಮದವು ಅಷ್ಟೇ. ರಾಗದ ಹೆಸರಿನ ಮೊದಲೆರಡು ಅಕ್ಷರಗಳಲ್ಲೇ ಅದರ ಸಂಖ್ಯೆ ಅಡಗಿದೆ. ಕಟಪಯಾದಿಯ ಲೆಕ್ಕ ಅದು: ಕ, ಟ, ಪ, ಯ ನಾಲ್ಕಕ್ಕೂ 1, ಮುಂದಿನವು ಸಾಲಾಗಿ 2, 3, ನ, ಞ ಸೊನ್ನೆ. ಬಂದ ಅಂಕೆಗಳನ್ನು ತಿರುಗಿಸಿ ಓದಬೇಕು. ಕ 1, ನ 0, ಅಂದರೆ 01. ಕೆಳಗಿನಿಂದ ಎಣಿಸಿದರೆ ಮೊದಲ ತಿರುವು ಕನಕಾಂಗಿಯದು.

ಗ್ರೀಕರಿಗೂ ಅಕ್ಷರಕ್ಕೆ ಅಂಕೆ ಕೊಡುವ ಈ ಹುಚ್ಚಿತ್ತು. ಆದರೆ ಅವರು ಕೂಡುತ್ತಿದ್ದರು. ಆಲ್ಫಾ 1, ಅಯೋಟಾ 10, ರೋ 100. ಹಾಗೆ ಕೂಡಿದರೆ ಜ್ಯೂಸ್ 612, ಹರ್ಮಿಸ್ 353, ಹರ್ಮಿಸನ ತಾಯಿ ಮಾಯಾ 52. ಕ್ರಿ.ಶ. 79ರಲ್ಲಿ ಬೂದಿಯಡಿ ಹೂತುಹೋದ ಪಾಂಪೆಯ ಗೋಡೆಯೊಂದರಲ್ಲಿ ಯಾರೋ ಪ್ರೇಮಿ ತನ್ನವಳ ಹೆಸರು ಹೇಳದೆ ಸಂಖ್ಯೆ 545 ಎಂದಷ್ಟೇ ಗೀಚಿದ್ದಾನೆ. ಜಾಣ! ಮೊತ್ತದಿಂದ ಹೆಸರನ್ನು ಹೊರಗೆಳೆಯುವುದು ಯಾರಿಂದಲೂ ಆಗದು. ಅವರ ಲೆಕ್ಕ ಮುಚ್ಚಿಡಲಿಕ್ಕೆ, ನಮ್ಮದು ಜಾಗ ತೋರಿಸಲಿಕ್ಕೆ.

ಹಾಗಿದ್ದರೆ ಗ್ರೀಕ್ ಪುರಾಣದವರನ್ನೂ ಈ ಘಾಟಿ ಹತ್ತಿಸಬಹುದಲ್ಲ! ರಿಯಾ: 2, 1. ಹನ್ನೆರಡನೆಯ ತಿರುವು, ರೂಪವತಿ. ಅಷ್ಟರಲ್ಲಿ ಮುಳ್ಳುಕಾಡು ಕೆಳಗೆ ಸರಿದು ಬಯಲು ಬಿಚ್ಚಿಕೊಂಡಿದೆ. ಮಾಯಾ: 5, 1. ಹದಿನೈದು! ಮಕ್ಕಳು ಸರಳೆ ಶುರುಮಾಡುವ ಮಾಯಾಮಾಳವಗೌಳ. ಕೆಳಗೆ ಕಾಡಿನಾಚೆ ಕಮರಿ ಕೊರೆದ ಮೋಯಾರ್ ಹೊಳೆಯ ಹೆಸರಿಗೂ ಅದೇ 15. ಇದರಲ್ಲಿ ಗೂಢಾರ್ಥ ಹುಡುಕುವವರು ಹುಡುಕಲಿ. ನನಗೆ ಆಟವಷ್ಟೇ ಸಾಕು.

ಗಾಳಿ ತಣ್ಣಗಾಗಿ ಸ್ವೆಟರ್‌ಗಳು ಹೊರಬರುತ್ತವೆ. ಬ್ರೇಕು ಸುಟ್ಟ ವಾಸನೆಯ ಮೇಲೆ ನೀಲಗಿರಿ ಮರದ ಘಮ. ರಿಯಾಳ ಮಗಳು ಹೇರಾ 28ಕ್ಕೆ ಬರುತ್ತಾಳೆ, ಹರಿಕಾಂಭೋಜಿ. ಲೀಡಾ 33, ಗಾಂಗೇಯಭೂಷಣಿ. ಕೊನೆಗೆ ಚಲನಾಟ, 36. ತಲೈಕುಂದಾದ ಪೈನ್ ಮರಗಳ ನಡುವೆ ರಸ್ತೆ ಸಡಿಲವಾಗುತ್ತದೆ. 37ನೆಯ ಸಾಲಗಕ್ಕೆ ಮಧ್ಯಮ ಬದಲಾಗಬೇಕು. ಡ್ರೈವರ್ ಗೇರು ಬದಲಾಯಿಸುತ್ತಾನೆ.