ನೊಣಕ್ಕೆ ಹುಳಿಬೆಲ್ಲದ ಕರೆ

ಸಾಂಗಲಿ ಜಿಲ್ಲೆಯ ಜತ್ತ ತಾಲೂಕು ನಮ್ಮ ಹಾಗೆಯೇ ಗಡಿಯಾಚೆ ಉಳಿದ ಕನ್ನಡಿಗರ ಸೀಮೆ. ಮಳೆ ಕಡಿಮೆ, ಕುರಿ ಹೆಚ್ಚು. ಅಲ್ಲಿಯ ಮಾಡಗ್ಯಾಳದ ಕುರಿತಳಿ ಹೆಸರಾದದ್ದು. ಕುರಿದೊಡ್ಡಿ, ತಿಪ್ಪೆ ಮನೆಗೆ ಹತ್ತಿರವಾದಲ್ಲಿ ಮಕ್ಕಳ ತಟ್ಟೆಯ ಮೇಲೆ ನೊಣದ ದಂಡು. ಹಿಂದೆಯೇ ವಾಂತಿಭೇದಿ, ಆಮಶಂಕೆಯ ಭಯ.

ನೊಣ ವಾಸನೆ ಹಿಡಿಯುವುದು ಮುಖ್ಯವಾಗಿ ತಲೆಯ ಮೇಲಿನ ಕುಡಿಮೀಸೆಯಿಂದ. ಕಾಲಿನಿಂದ ರುಚಿಯನ್ನೂ ನೋಡುತ್ತದೆ! ಬರಿಯ ಬೆಲ್ಲದ ನೀರಿಗಿಂತ ಎರಡು ಮೂರು ದಿನ ಹುಳಿತ ನೀರು ಅದನ್ನು ಬಲವಾಗಿ ಸೆಳೆಯುತ್ತದೆ. ಹುದುಗುವಾಗ ಏಳುವ ಮದ್ಯಸಾರದ, ಹುಳಿಯ ಆವಿಯೇ ಅದಕ್ಕೆ ಆಮಂತ್ರಣ. ಒಣಮೀನಿನ ಚೂರು ಬಿದ್ದರೆ ಕರೆ ಇನ್ನೂ ಜೋರು (ಕರಾವಳಿಯ ನಮಗದು ಸುಲಭ, ಜತ್ತದವರಿಗಲ್ಲ). ಈ ನೀರನ್ನು ಸೀಸೆಗೆ ಹಾಕಿ, ಬಾಯಿಗೆ ಕಾಗದದ ಆಲಿಕೆ ಕೂರಿಸಿದರೆ ಒಳಹೊಕ್ಕ ನೊಣಕ್ಕೆ ದಾರಿ ಸಿಗದು.

ಆದರೆ ಸೀಸೆಯನ್ನು ಅಡುಗೆಮನೆಯಲ್ಲೇ ತೂಗಹಾಕುವವರುಂಟು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತೆ! ವಾಸನೆಗೆ ಹೊರಗಿನ ನೊಣವೂ ಒಳಬರುತ್ತದೆ. ಅದನ್ನಿಡಬೇಕಾದ್ದು ಮನೆಯಿಂದ ದೂರ, ತಿಪ್ಪೆಯ ಬದಿಗೆ.

ಹೆಣ್ಣು ನೊಣ ಒಂದು ಸಲಕ್ಕೆ ಸುಮಾರು 100 ಮೊಟ್ಟೆಯಿಡುತ್ತದೆ. ಬೇಸಗೆಯಲ್ಲಿ 10 ದಿನದೊಳಗೆ ಅವು ನೊಣಗಳಾಗಿ ಹಾರಬಹುದು. ಸೀಸೆಯೊಂದೇ ಸಾಲದು, ವಾರಕ್ಕೊಮ್ಮೆ ಗೊಬ್ಬರವನ್ನು ಹೊಲಕ್ಕೆ ಸಾಗಿಸಿ ತೆಳ್ಳಗೆ ಹರಡಿ ಒಣಗಿಸಬೇಕು. ಸೀಸೆಯ ನೀರನ್ನೂ ಅಂದೇ ಗುಂಡಿ ತೋಡಿ ಹೂಳಿರಿ, ಇಲ್ಲವಾದರೆ ಅಲ್ಲೇ ಹುಳು ಬೀಳುತ್ತವೆ.