ಗುಹಾಸುರನ ವರ, ವಿಕ್ಟರನ ಸೇಡು

ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಲ್ಲಿ ಅರ್ಧ ಗಂಟೆ ದಾರಿ. ಅಲ್ಲಿನ ಹರಿಹರೇಶ್ವರ ದೇವಸ್ಥಾನದ ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ದೇವಸ್ಥಾನ ಕಟ್ಟಿಸಿದ್ದು ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ, 1224ರ ಸುಮಾರಿಗೆ. ಒಂದೇ ಮೂರ್ತಿಯಲ್ಲಿ ಇಬ್ಬರು ದೇವರು ಯಾಕೆ ಅಂತ ಕೇಳಿದರೆ ಊರಿನವರು ಹೇಳೋದು ಗುಹಾಸುರನ ಕಥೆ.

ಗುಹಾಸುರ ಈ ಸೀಮೆಯ ಕಾಡಿನಲ್ಲಿದ್ದ ರಾಕ್ಷಸ. ಪೂರ್ವಕ್ಕೆ ಉಚ್ಚಂಗಿದುರ್ಗ, ಉತ್ತರಕ್ಕೆ ಐರಣಿ, ಅಲ್ಲೀವರೆಗೂ ಅವನದೇ ರಾಜ್ಯ. ತಪಸ್ಸು ಮಾಡಿ ಬ್ರಹ್ಮನಿಂದ ವರ ಪಡೆದ: ಹರಿಯಿಂದಲೂ ಸಾವು ಬರಬಾರದು, ಹರನಿಂದಲೂ ಬರಬಾರದು. ಆಮೇಲೆ ದೇವತೆಗಳಿಗೂ ಮನುಷ್ಯರಿಗೂ ಕಾಟ ಶುರು. ಹರಿಯೂ ಹರನೂ ಬೇರೆ ಬೇರೆಯಾಗಿ ಏನೂ ಮಾಡಕ್ಕಾಗಲ್ಲ. ಅದಕ್ಕೆ ಇಬ್ಬರೂ ಸೇರಿ ಒಂದೇ ದೇಹವಾಗಿ, ತುಂಗಭದ್ರೆಗೆ ಹರಿದ್ರಾ ನದಿ ಸೇರೋ ಜಾಗದಲ್ಲಿ ಇಳಿದು ಬಂದು ಅವನನ್ನ ಮುಗಿಸಿದರು.

ಇಂಜಿನಿಯರಿಂಗ್ ಓದೋ ನಮ್ಮ ಕಣ್ಣಿಗೆ ಇದು ಪಕ್ಕಾ ಲಾಜಿಕ್ ಲೆಕ್ಕ. ಗುಹಾಸುರ ಎರಡು ಇನ್‌ಪುಟ್‌ಗಳನ್ನೂ ಬೇರೆ ಬೇರೆ ಟೆಸ್ಟ್ ಮಾಡಿದ್ದ, ಎರಡೂ ಒಟ್ಟಿಗೆ ಬಂದರೆ ಏನು ಅಂತ ನೋಡಿರಲಿಲ್ಲ. ಹಿರಣ್ಯಕಶಿಪುವಿನ ವರದಲ್ಲೂ ಇದೇ ಕಥೆ. ಒಳಗೂ ಅಲ್ಲ ಹೊರಗೂ ಅಲ್ಲ ಅಂದವನಿಗೆ ಹೊಸ್ತಿಲು ನೆನಪಾಗಲಿಲ್ಲ. ಗಾಂಧಾರಿ ಕಣ್ಣುಪಟ್ಟಿ ಬಿಚ್ಚಿ ನೋಡಿದಾಗ ದುರ್ಯೋಧನನ ಮೈಯೆಲ್ಲಾ ವಜ್ರವಾಯ್ತು, ಬಟ್ಟೆ ಮುಚ್ಚಿದ್ದ ತೊಡೆ ಮಾತ್ರ ಹಾಗೇ ಉಳೀತು ಅನ್ನೋದು ಜನರ ಬಾಯಲ್ಲಿರೋ ಇನ್ನೊಂದು ಕಥೆ. ಸೂಪರ್‌ಪವರ್ ಕಥೆಗೆ ಬೇಕಾದ ಮೊದಲನೇ ಸಾಮಾನು ಇದೇ. ಶಕ್ತಿ ಎಷ್ಟೇ ದೊಡ್ಡದಿರಲಿ, ಅದರಲ್ಲಿ ಒಂದು ತೂತು ಇರಲೇಬೇಕು. ತೂತಿಲ್ಲದಿದ್ದರೆ ಕಥೆ ಎರಡನೇ ಪುಟಕ್ಕೇ ಮುಗಿದುಹೋಗುತ್ತೆ.

ಆದರೆ ಗುಹಾಸುರನ ಕಥೆ ಕೇಳಿದವರು ಯಾರೂ ಅವನಿಗಾಗಿ ಮರುಗಲ್ಲ. ವಿಕ್ಟರ್ ವೇಲ್ ಅನ್ನೋನ ಕಥೆ ಓದಿದವರು ಮರುಗುತ್ತಾರೆ. ಇಬ್ಬರೂ ಕೊಲೆಗಾರರೇ, ಇಬ್ಬರಿಗೂ ಇರೋದು ಮನುಷ್ಯರಿಗೆ ಮೀರಿದ ಶಕ್ತಿಯೇ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಈ ಲೇಖನ ಅದರ ಬಗ್ಗೆ.

ವಿಕ್ಟರ್ ಬರೋದು ಅಮೆರಿಕದ ಲೇಖಕಿ ವಿ. ಇ. ಶ್ವಾಬ್ ಬರೆದ 'ವಿಶಸ್' ಕಾದಂಬರಿಯಲ್ಲಿ. ಬಂದಿದ್ದು 2013ರಲ್ಲಿ, ಮುಂದಿನ ಭಾಗ 'ವೆಂಜ್‌ಫುಲ್' 2018ರಲ್ಲಿ. ನಮ್ಮ ಹಾಸ್ಟೆಲ್‌ಗಳಲ್ಲಿ ಇದರ ಪಿಡಿಎಫ್ ಎಷ್ಟು ಕೈ ದಾಟಿದೆಯೋ ಲೆಕ್ಕವಿಲ್ಲ (ದುಡ್ಡಿದ್ದರೆ ಪುಸ್ತಕ ಕೊಂಡು ಓದಿ, ಪ್ಲೀಸ್). ಓದದೇ ಇರೋರಿಗಾಗಿ ಕಥೆಯ ಮೊದಲರ್ಧ ಮಾತ್ರ ಹೇಳ್ತೀವಿ, ಕೊನೆ ಹೇಳಲ್ಲ.

ವಿಕ್ಟರ್ ಮತ್ತು ಈಲೈ ಒಂದೇ ರೂಮಿನ ಹುಡುಗರು, ಇಬ್ಬರೂ ಭಯಂಕರ ಬುದ್ಧಿವಂತರು. ಕೊನೇ ವರ್ಷದ ಪ್ರಾಜೆಕ್ಟ್‌ಗೆ ವಿಕ್ಟರ್ ಆರಿಸಿದ್ದು ಅಡ್ರಿನಲಿನ್. ಈಲೈ ಆರಿಸಿದ್ದು ಅತಿಮಾನುಷ ಶಕ್ತಿ ಇರೋ ಜನ ನಿಜವಾಗಲೂ ಇದ್ದಾರಾ ಅನ್ನೋ ವಿಷಯ. ನಮ್ಮ ಗೈಡ್‌ಗಳು ಸಿನಾಪ್ಸಿಸ್ ನೋಡಿದ ಕೂಡಲೇ ವಾಪಸ್ ಕಳಿಸ್ತಿದ್ದರು, ಅಲ್ಲಿ ಒಪ್ಪಿಕೊಂಡುಬಿಟ್ಟರು. ಎರಡೂ ಪ್ರಾಜೆಕ್ಟ್ ಒಂದುಕಡೆ ಬಂದು ಸೇರುತ್ತವೆ: ಸಾವಿನ ಬಾಗಿಲಿಗೆ ಹೋಗಿ ವಾಪಸ್ ಬಂದವರಿಗೆ ಶಕ್ತಿ ಬರುತ್ತೆ. ಈಲೈ ಐಸ್ ನೀರಿನ ಟಬ್‌ನಲ್ಲಿ ಮಲಗಿ ಸಾಯ್ತಾನೆ, ವಿಕ್ಟರ್ ಅವನನ್ನ ಬದುಕಿಸ್ತಾನೆ. ಎದ್ದಮೇಲೆ ಈಲೈಗೆ ಯಾವ ಗಾಯವಾದರೂ ತಾನಾಗೇ ಮಾಯುತ್ತೆ. ವಿಕ್ಟರ್‌ನ ಮೊದಲ ಪ್ರಯತ್ನ ಫೇಲ್. ಎರಡನೇ ಸಲ ಲ್ಯಾಬ್‌ನಲ್ಲಿ ಮೈಗೆ ಕರೆಂಟ್ ಹಾಯಿಸಿಕೊಳ್ತಾನೆ, ಅದಕ್ಕೆ ಸಹಾಯ ಮಾಡಿದ್ದು ಆಂಜಿ, ಈಲೈಯ ಗೆಳತಿ. ಅವನಿಗೆ ಬಂದ ಶಕ್ತಿ ನೋವು. ಬೇರೆಯವರ ನೋವನ್ನ ಏರಿಸಬಹುದು, ಇಳಿಸಬಹುದು, ತನ್ನದನ್ನೂ ಕೂಡ. ಹಿಡಿತ ಸಿಗೋಕೆ ಮೊದಲೇ ಆ ನೋವಿಗೆ ಆಂಜಿ ಬಲಿಯಾಗ್ತಾಳೆ. ಈಲೈ ಪೊಲೀಸರನ್ನ ಕರೀತಾನೆ. ವಿಕ್ಟರ್ ಹತ್ತು ವರ್ಷ ಜೈಲು. ಹೊರಬಂದವನಿಗೆ ಇರೋದು ಒಂದೇ ಕೆಲಸ.

ಇಲ್ಲಿ ತಪಸ್ಸು, ವರ ಎರಡೂ ಇವೆ ನೋಡಿ. ತಪಸ್ಸಿನ ಜಾಗದಲ್ಲಿ ಐಸ್ ಟಬ್, ಬ್ರಹ್ಮನ ಜಾಗದಲ್ಲಿ ಅಡ್ರಿನಲಿನ್. ಸಾಯೋ ಹೊತ್ತಿಗೆ ಮನಸ್ಸಿನಲ್ಲಿ ಕೊನೆಗೆ ಏನಿತ್ತೋ ಅದೇ ಶಕ್ತಿಯಾಗಿ ಬರುತ್ತೆ ಅನ್ನೋದು ಕಾದಂಬರಿಯ ನಿಯಮ. ಕೇಳಿದ್ದೇ ವರ. ತೂತೂ ಇದೆ: ವಾಪಸ್ ಬಂದವರಲ್ಲಿ ಏನೋ ಒಂದು ಕಳೆದುಹೋಗಿರುತ್ತೆ. ಈಲೈ ಅದನ್ನ ತನ್ನಲ್ಲೇ ಕಾಣ್ತಾನೆ, ಹೆದರಬೇಕಾದಲ್ಲಿ ಹೆದರಿಕೆ ಬರಲ್ಲ, ಪಶ್ಚಾತ್ತಾಪ ಪಡಬೇಕಾದಲ್ಲಿ ಆಗಲ್ಲ.

ಇಷ್ಟರಿಂದಲೇ ಯಾರೂ ವಿಕ್ಟರ್ ಪಕ್ಷ ವಹಿಸಲ್ಲ. ನಾವು ಅವನ ಕಡೆ ವಾಲೋದು ಶ್ವಾಬ್ ಕಥೆ ಹೇಳೋ ಕ್ರಮದಿಂದ. ಕಾದಂಬರಿ ಶುರುವಾಗೋದು ಮೆರಿಟ್ ಅನ್ನೋ ಊರಿನ ಸ್ಮಶಾನದಲ್ಲಿ, ರಾತ್ರಿ (ಹೌದು, ಮೆರಿಟ್ ಸೀಟಿನ ಮೆರಿಟ್ಟೇ). ವಿಕ್ಟರ್ ಒಬ್ಬ ಚಿಕ್ಕ ಹುಡುಗಿಯನ್ನ ಜೊತೆಗೆ ಕರಕೊಂಡು ಗೋರಿ ಅಗೀತಿದ್ದಾನೆ. ಮೊದಲ ಪುಟದಲ್ಲೇ ಇವನು ಒಳ್ಳೆಯವನಲ್ಲ ಅಂತ ಗೊತ್ತಾಗುತ್ತೆ. ಆಮೇಲೆ ಅಧ್ಯಾಯಗಳು ಹಿಂದೆ ಮುಂದೆ ಓಡಾಡುತ್ತವೆ. ಒಂದರ ತಲೆಬರಹ ಹತ್ತು ವರ್ಷದ ಹಿಂದಿನದು, ಇನ್ನೊಂದರದು ನಿನ್ನೆ ರಾತ್ರಿಯದು. ಪ್ರತಿ ಸಲ ಹಿಂದಕ್ಕೆ ಹೋದಾಗ ಹಳೇ ಬಾಕಿಯ ಒಂದೊಂದು ಚೀಟಿ ಕೈಗೆ ಸಿಗುತ್ತೆ. ವಿಕ್ಟರ್ ಮಾಡಿದ ಯಾವ ತಪ್ಪನ್ನೂ ಶ್ವಾಬ್ ಅಳಿಸಲ್ಲ. ಲೆಕ್ಕವನ್ನ ಅವನ ಪುಸ್ತಕದಿಂದ ಓದ್ತಾರೆ, ಅಷ್ಟೇ.

ಇನ್ನೊಂದು ಕಡೆ ಈಲೈ. ಅವನು ದೈವಭಕ್ತ. ಶಕ್ತಿ ಇರೋರೆಲ್ಲಾ ದೇವರ ನಿಯಮ ಮೀರಿದವರು, ಅವರನ್ನ ಮುಗಿಸೋದು ತನಗೆ ದೇವರೇ ಕೊಟ್ಟ ಕೆಲಸ ಅಂತ ನಂಬಿ ಒಬ್ಬೊಬ್ಬರನ್ನೇ ಕೊಲ್ಲುತ್ತಾ ಬರ್ತಾನೆ. ತಾನು ಹೀರೋ ಅಂತ ಅವನಿಗೆ ಒಂಚೂರೂ ಸಂಶಯವಿಲ್ಲ. ವಿಕ್ಟರ್‌ಗೆ ತಾನು ಏನು ಅಂತ ಗೊತ್ತು. ನಮಗೆ ಈಲೈಯೇ ಹೆಚ್ಚು ಭಯ ಹುಟ್ಟಿಸಿದ್ದು ಅದಕ್ಕೇ. ಕೆಟ್ಟವನು ಅಂತ ಗೊತ್ತಿರೋನಿಗೆ ಎಲ್ಲೋ ಒಂದುಕಡೆ ನಿಲ್ಲಬೇಕು ಅನ್ನೋದಾದರೂ ಇರುತ್ತೆ, ದೇವರ ಹೆಸರಲ್ಲಿ ಹೊರಟೋನಿಗೆ ಬ್ರೇಕೇ ಇರಲ್ಲ.

ಇಂಥ ಕಥೆ ಇಂಗ್ಲಿಷಿನವರದು, ನಮ್ಮಲ್ಲಿ ಒಳ್ಳೆಯವರು ಒಳ್ಳೆಯವರೇ ಕೆಟ್ಟವರು ಕೆಟ್ಟವರೇ ಅನ್ನೋ ಮಾತು ಕ್ಯಾಂಟೀನಲ್ಲಿ ಬರ್ತಾನೇ ಇರುತ್ತೆ. ಪಿಯುಸಿವರೆಗೂ ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದ ನಮ್ಮಂಥವರಿಗೆ ಹಾಗನ್ನಿಸೋದು ಸಹಜ. ಆದರೆ ಸಾವಿರ ವರ್ಷದ ಹಿಂದೆ ರನ್ನ ಬರೆದ 'ಗದಾಯುದ್ಧ' ಇದೆಯಲ್ಲ, ಅದರ ಮುಂದೆ ವಿಕ್ಟರ್ ಇನ್ನೂ ಜೂನಿಯರ್. 2019ರಲ್ಲಿ ಬಂದ 'ಕುರುಕ್ಷೇತ್ರ' ಸಿನಿಮಾದಲ್ಲಿ ದುರ್ಯೋಧನನೇ ಹೀರೋ ಆಗಿದ್ದು ನೆನಪಿದೆಯಾ? ಅದಕ್ಕೆ ಆಧಾರ ಈ ಕಾವ್ಯವೇ.

ರನ್ನನ ಪರಿಸ್ಥಿತಿ ಸ್ವಲ್ಪ ನೋಡಿ. ಅವನು ಚಾಲುಕ್ಯರ ಆಸ್ಥಾನದ ಕವಿ. ಆಶ್ರಯ ಕೊಟ್ಟ ಸತ್ಯಾಶ್ರಯನನ್ನ ಭೀಮನಿಗೆ ಹೋಲಿಸಿ ಬರೀಬೇಕು. ಕಾವ್ಯದ ಇನ್ನೊಂದು ಹೆಸರೇ 'ಸಾಹಸಭೀಮವಿಜಯ'. ಅಂದರೆ ದುಡ್ಡು ಕೊಡೋರ ಕಡೆಯಿಂದ ಹೀರೋ ಯಾರು ಅನ್ನೋದು ಮೊದಲೇ ಫಿಕ್ಸ್. ಭೀಮನ ಸೇಡಿಗೂ ಕಾರಣ ಇದೆ, ದ್ರೌಪದಿಯ ಮುಡಿ ಇನ್ನೂ ಬಿಚ್ಚಿಕೊಂಡೇ ಇದೆ. ಹಾಗಿದ್ದೂ ಓದಿದವರ ಮನಸ್ಸಲ್ಲಿ ಉಳಿಯೋನು ದುರ್ಯೋಧನ. ಯುದ್ಧ ಮುಗಿಯೋ ಹೊತ್ತಿಗೆ ಅವನು ಸಂಜಯನ ಜೊತೆ ರಣರಂಗದಲ್ಲಿ ಹೆಣಗಳ ನಡುವೆ ನಡೆದು ಹೋಗ್ತಾನೆ. ದ್ರೋಣರ ಹೆಣ, ತಮ್ಮ ದುಶ್ಶಾಸನನ ಹೆಣ, ಕರ್ಣನ ಹೆಣ. ಒಂದೊಂದರ ಮುಂದೂ ನಿಲ್ತಾನೆ. ಅಭಿಮನ್ಯುವಿನ ಹೆಣ ಕಂಡಾಗ ಅವನು ಹೊಗಳೋದು ಶತ್ರುವಿನ ಮಗನ ಶೌರ್ಯವನ್ನ. ತನಗೂ ಅಂಥದೇ ಸಾವು ಬರಲಿ ಅಂತಾನೆ. ಕರ್ಣನ ಮುಂದೆ ಅವನು ಅಳೋ ಭಾಗಕ್ಕೆ ನಮ್ಮ ಕ್ಲಬ್ಬಿನಲ್ಲಿ ಜೋರಾಗಿ ಓದ್ತಿದ್ದವರ ದನಿಯೇ ನಿಂತುಹೋಯ್ತು. ಹಳಗನ್ನಡ ಪೂರ್ತಿ ಅರ್ಥ ಆಗಿತ್ತು ಅಂತಲ್ಲ, ಕೆಳಗೆ ಕೊಟ್ಟಿದ್ದ ಹೊಸಗನ್ನಡ ನೋಡಿಕೊಂಡೇ ಓದಿದ್ದು.

ಸೂಪರ್‌ಪವರ್ ಕೂಡ ಇದೆ. ದುರ್ಯೋಧನ ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದ ತಳದಲ್ಲಿ ಅಡಗಿ ಕೂತಿರ್ತಾನೆ. ನೀರೊಳಗೆ ಅವನನ್ನ ಯಾರೂ ಮುಟ್ಟಂಗಿಲ್ಲ. ಆದರೆ ದಡದಲ್ಲಿ ಭೀಮ ಕೂಗಿ ಹೀಯಾಳಿಸಿದಾಗ ನೀರಿನೊಳಗಿದ್ದವನಿಗೂ ಬೆವರು ಬರುತ್ತೆ, ಎದ್ದು ಬರ್ತಾನೆ. ಈ ವರದ ತೂತು ಅವನ ಛಲ. ಹೊರಗಿನ ದೇವರು ಹುಡುಕಬೇಕಾದ ತೂತಲ್ಲ ಇದು, ಅವನ ಒಳಗೇ ಇರೋದು. ನಮ್ಮ ಪ್ರಕಾರ ಹರಿಹರದ ಕಥೆಗಿಂತ ರನ್ನ ಒಂದು ಹೆಜ್ಜೆ ಮುಂದೆ ಹೋಗೋದು ಇಲ್ಲೇ. ಕೊನೆಗೆ ಭೀಮ ಹೊಡೆಯೋದು ತೊಡೆಗೆ, ಗದಾಯುದ್ಧದಲ್ಲಿ ಹೊಡೀಬಾರದ ಜಾಗಕ್ಕೆ. ರನ್ನ ಮಹಾಭಾರತದ ಫಲಿತಾಂಶ ಬದಲಾಯಿಸಿಲ್ಲ. ಸೀರೆ ಎಳೆಸಿದವನು ದುರ್ಯೋಧನನೇ, ಸೋಲೋನೂ ಅವನೇ. ಮುಂದೆ ಬಿ.ಎಂ.ಶ್ರೀ ಇದೇ ಕಾವ್ಯವನ್ನ 'ಗದಾಯುದ್ಧ ನಾಟಕಂ' ಮಾಡಿದಾಗ ದುರ್ಯೋಧನ ಗ್ರೀಕ್ ನಾಟಕಗಳ ದುರಂತ ನಾಯಕನಂತೆ ನಿಂತ.

ಹಳಗನ್ನಡ ಕಷ್ಟ ಅನ್ನೋರಿಗೆ ನಮ್ಮ ಕಡೆಯ ಹಳ್ಳಿಗಳ ಸ್ಟೇಜ್ ಇದೆ. ದಾವಣಗೆರೆ, ಬಳ್ಳಾರಿ ಕಡೆ ಜಾತ್ರೆ ಬಂತಂದರೆ ಪೌರಾಣಿಕ ನಾಟಕ ಇರಲೇಬೇಕು. ಅದರಲ್ಲಿ ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ'ಗೆ ಬೇರೆಯದೇ ಗತ್ತು. ಸುಭದ್ರಮ್ಮ ಮನ್ಸೂರು ಇದರ ದ್ರೌಪದಿ ಪಾತ್ರಕ್ಕೆ ಹೆಸರಾದವರು. ಹೆಸರೇ ಹೇಳೋ ಹಾಗೆ ಇದು ಅಶ್ವತ್ಥಾಮ ಪಾಂಡವರ ಪಾಳೆಯಕ್ಕೆ ನುಗ್ಗಿದ ರಾತ್ರಿಯ ಕಥೆ. ಅಶ್ವತ್ಥಾಮನ ಬಾಕಿ ಚೀಟಿ ಸುಳ್ಳಲ್ಲ. ಅವನ ಅಪ್ಪ ದ್ರೋಣರನ್ನ ಕೊಂದಿದ್ದು ಅವನದೇ ಹೆಸರು ಹೇಳಿ, ಧರ್ಮರಾಯನ ಬಾಯಿಂದ ಅರ್ಧ ಸತ್ಯ ಹೇಳಿಸಿ. ಶಕ್ತಿಯೂ ಇದೆ, ಹುಟ್ಟುವಾಗಲೇ ಹಣೆಯಲ್ಲಿ ಬಂದ ಮಣಿ. ಅದಿರೋವರೆಗೂ ಆಯುಧದ ಭಯ, ರೋಗ, ಹಸಿವು ಯಾವುದೂ ಇಲ್ಲ. ಇಲ್ಲೀವರೆಗೂ ನಾವು ಅವನ ಜೊತೆಗೇ ಹೋಗ್ತೀವಿ. ಆಮೇಲೆ ಅವನು ಮಲಗಿದ್ದ ಮಕ್ಕಳನ್ನ ಕೊಲ್ತಾನೆ, ದ್ರೌಪದಿಯ ಐದು ಮಕ್ಕಳನ್ನ.

ಇಂಥ ಕಥೆಗಳಲ್ಲಿ ಇದಕ್ಕಿಂತ ಮುಖ್ಯವಾದ ಜಾಗ ಇಲ್ಲ. ನಮ್ಮನ್ನ ಕೈಹಿಡಿದು ಕರಕೊಂಡು ಬಂದ ಮನುಷ್ಯ ತಾನು ನ್ಯಾಯ ಅಂತ ಹೊರಟಿದ್ದನ್ನ ದಾಟಿ ಇನ್ನೆಲ್ಲೋ ಕಾಲಿಟ್ಟುಬಿಡ್ತಾನೆ. ನಾವು ಕೈ ಬಿಡಿಸಿಕೊಳ್ಳೋದು ಸ್ವಲ್ಪ ತಡವಾಗಿರುತ್ತೆ. ಆ ತಡ ಎಷ್ಟು ಅನ್ನೋದೇ ಲೇಖಕರ ಸಾಮರ್ಥ್ಯ.

'ಕೆಜಿಎಫ್' ಬಗ್ಗೆ ನಮ್ಮೊಳಗೇ ಜಗಳ ಇದೆ, ಅದರಲ್ಲಿ ನಮ್ಮ ಕಡೆಯ ಮಾತು ಇದು. ರಾಕಿಯನ್ನ ಆಂಟಿ-ಹೀರೋ ಅಂತಾರೆ. ಆದರೆ 2018ರ ಮೊದಲ ಭಾಗದಲ್ಲಿ ಗರುಡನನ್ನ ಎಷ್ಟು ಕ್ರೂರಿ ಮಾಡಿಬಿಟ್ಟಿದ್ದಾರೆ ಅಂದರೆ, ಅವನೆದುರು ರಾಕಿ ಏನು ಮಾಡಿದರೂ ಸರಿಯೇ ಅನ್ನಿಸುತ್ತೆ. ಥಿಯೇಟರಿನಲ್ಲಿ ನಮಗೆ ಒಂದು ಸಲವೂ ಇದು ಜಾಸ್ತಿಯಾಯ್ತು ಅನ್ನಿಸಲಿಲ್ಲ. ಗಡ್ಡ, ಬಂದೂಕು ಎರಡೂ ಇವೆ, ಕೈ ಬಿಡಿಸಿಕೊಳ್ಳೋ ಕ್ಷಣ ಮಾತ್ರ ಇಲ್ಲ. ಸಿನಿಮಾ ಚೆನ್ನಾಗಿಲ್ಲ ಅಂತಲ್ಲ, ಅದು ಬೇರೆ ಜಾತಿಯ ಕಥೆ.

ನಮ್ಮ ಜನಪದದ ಶಕುನಿ ಈ ಜಾತಿಗೇ ಸೇರಿದವನು. ವ್ಯಾಸರಲ್ಲಿ ಇಲ್ಲದ, ಆದರೆ ನಾಟಕ ನೋಡೋ ಮಂದಿಗೆಲ್ಲಾ ಗೊತ್ತಿರೋ ಕಥೆ ಅವನದು. ಕೌರವರು ಅವನ ಅಪ್ಪನನ್ನೂ ಅಣ್ಣತಮ್ಮಂದಿರನ್ನೂ ಸೆರೆಗೆ ಹಾಕಿ ಒಬ್ಬೊಬ್ಬರಿಗೆ ಒಂದೊಂದೇ ಅಗುಳು ಕೊಡ್ತಾರೆ. ಎಲ್ಲರೂ ತಮ್ಮ ಪಾಲಿನ ಅಗುಳನ್ನ ಶಕುನಿಗೆ ಕೊಟ್ಟು ಸಾಯ್ತಾರೆ, ಅವನೊಬ್ಬ ಬದುಕಿ ಸೇಡು ತೀರಿಸಲಿ ಅಂತ. ಅಪ್ಪನ ಮೂಳೆಯಿಂದಲೇ ದಾಳ. ಅದು ಅವನು ಹೇಳಿದ ಹಾಗೆ ಬೀಳುತ್ತೆ. ಈ ಒಂದು ಹಿಂಕಥೆ ಸೇರಿಕೊಂಡಿದ್ದೇ ತಡ, ಜೂಜಿನ ಸಭೆ ಅದೇ ಇದ್ದರೂ ನಾವು ನೋಡ್ತಿರೋ ಆಟ ಬದಲಾಗುತ್ತೆ. ದುರ್ಯೋಧನನ ಪಕ್ಕ ಕೂತು ದುರ್ಯೋಧನನನ್ನೇ ಮುಗಿಸ್ತಿರೋ ಮನುಷ್ಯ ಕಾಣ್ತಾನೆ.

ಈಗ ಗುಹಾಸುರನನ್ನ ಇನ್ನೊಂದು ಸಲ ನೋಡಿ. ಅವನ ಶಕ್ತಿ ಗೊತ್ತು, ತೂತು ಗೊತ್ತು, ಸತ್ತ ಜಾಗ ಗೊತ್ತು. ಗುಹಾರಣ್ಯ ಅನ್ನೋದು ಆ ಕ್ಷೇತ್ರಕ್ಕಿರೋ ಹಳೇ ಹೆಸರುಗಳಲ್ಲೊಂದು, ಹಾಗಾಗಿ ಸತ್ತಮೇಲೂ ಕಾಡು ಅವನ ಹೆಸರಲ್ಲೇ ಉಳಿದಿದೆ. ನಾವು ಕೇಳಿದ ಸ್ಥಳಪುರಾಣದಲ್ಲಿ ಬರದೇ ಇರೋದು ಒಂದೇ: ಇಷ್ಟೆಲ್ಲಾ ತಪಸ್ಸು ಮಾಡಿ ಹರಿ, ಹರ ಇಬ್ಬರ ಹೆಸರನ್ನೂ ಹಿಡಿದು ಕೇಳಿದನಲ್ಲ, ಅವರಿಬ್ಬರ ಮೇಲೆ ಅವನಿಗೆ ಅಷ್ಟೊಂದು ಭಯ ಮೊದಲೇ ಯಾಕಿತ್ತು? ಸುಮ್ಮನೆ ಕಾಡಲ್ಲಿದ್ದವನಿಗೆ ಅಂಥ ವರದ ಅಗತ್ಯ ಬರಲ್ಲ. ದೇವರ ಕಡೆಯವರ ಜೊತೆ ಹಿಂದೆ ಏನೋ ನಡೆದಿರಬೇಕು. ರನ್ನನೋ ಕಂದಗಲ್ಲರೋ ಆಗಿದ್ದರೆ ಆ ಏನೋ ಒಂದರಿಂದಲೇ ಶುರು ಮಾಡ್ತಿದ್ದರು. ಸಂಗಮದಲ್ಲಿ ಅವನು ಸಾಯೋ ಜಾಗಕ್ಕೆ ಬರೋ ಹೊತ್ತಿಗೆ, ಎರಡು ಮುಖದ ಆ ದೇವರು ನೀರಿಂದ ಮೇಲೆ ಬರ್ತಿದ್ದರೆ, ನಮಗೆ ಯಾರ ಕಡೆ ನಿಲ್ಲಬೇಕು ಅಂತ ಒಂದು ಕ್ಷಣ ಗೊತ್ತಾಗ್ತಿರಲಿಲ್ಲ.