ಕಟ್ಟುವ ಮನೆ, ಕೊಳ್ಳುವ ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯಲ್ಲಿ ಮನೆ ಕಟ್ಟುವ ಮಾತಿದೆಯೇ ಹೊರತು ಕೊಳ್ಳುವ ಮಾತಿಲ್ಲ. ಸಿದ್ಧವಾದ ಮನೆಯನ್ನು ಸಾಲ ಮಾಡಿ ಕೊಳ್ಳುವುದು ಮಧ್ಯಮ ವರ್ಗದಲ್ಲಿ ರೂಢಿಯಾದದ್ದು ತೀರಾ ಈಚೆಗೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಾಗ, ಇಕ್ಕಟ್ಟಾದ ಪೇಟೆಯ ಜನರಿಗೆ ನೆಲೆ ಒದಗಿಸಲು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ರೂಪುಗೊಂಡವು. ಸರ್ಕಾರ ನಿವೇಶನ ಕೊಡುವುದು, ಪಡೆದವರು ಮನೆ ಕಟ್ಟಿಕೊಳ್ಳುವುದು ಎಂಬ ಈ ಪದ್ಧತಿಯನ್ನೇ 1945ರಲ್ಲಿ ಹುಟ್ಟಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್, 1976ರ ಅನಂತರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಮುಂದುವರಿಸಿದವು. ಹಂಚಿಕೆಯ ದರ ಮಾರುಕಟ್ಟೆಯ ದರಕ್ಕಿಂತ ಕಡಿಮೆ. ಹೀಗಾಗಿ ಗುಮಾಸ್ತರು, ಮೇಷ್ಟರುಗಳು ಕೂಡ ಮನೆಯ ಒಡೆಯರಾದರು. ಅದೂ ಎಷ್ಟೋ ಮಂದಿ ಭವಿಷ್ಯನಿಧಿಯ ಹಣ ಕೈಸೇರಿದ ಮೇಲೆ. ಉಳಿದವರಿಗೆ ವಠಾರವೇ ಗತಿ.

ಆ ಕಾಲದಲ್ಲಿ ಬಾಡಿಗೆ ಮನೆಯಲ್ಲಿರುವುದು ಕೊರತೆಯೇನಲ್ಲ. 1961ರ ಜನಗಣತಿಯಂತೆ ದೇಶದ ನಗರಗಳಲ್ಲಿ ನೂರಕ್ಕೆ ಸುಮಾರು 54 ಕುಟುಂಬಗಳು ಬಾಡಿಗೆಗೆ ಇದ್ದವು. 2011ರ ವೇಳೆಗೆ ಅದು 27.5ಕ್ಕೆ ಇಳಿಯಿತು, ಸ್ವಂತ ಮನೆಯವರು 69.2ಕ್ಕೆ ಏರಿದರು. ಇದೇ ಅವಧಿಯಲ್ಲಿ ಮನೆಯ ಬೆಲೆಯೂ ಹಲವು ಪಟ್ಟು ಏರಿತ್ತು. ಬೆಲೆ ಏರಿದರೆ ಕೊಳ್ಳುವವರು ಕಡಿಮೆಯಾಗಬೇಕಲ್ಲವೇ?

ಇದಕ್ಕೆ ಕಾರಣಗಳು ಹಲವು. ಬಾಡಿಗೆ ನಿಯಂತ್ರಣ ಕಾಯಿದೆಗಳಿಂದಾಗಿ ಬಾಡಿಗೆ ಏರಲಿಲ್ಲ, ಒಕ್ಕಲಿದ್ದವರನ್ನು ಬಿಡಿಸುವುದೂ ಕಷ್ಟವಾಯಿತು. ಆದ್ದರಿಂದ ಬಾಡಿಗೆಗೆಂದೇ ಮನೆ ಕಟ್ಟಿಸುವ ಉತ್ಸಾಹ ಕುಗ್ಗಿತು. ಇನ್ನೊಂದು ಕಾರಣ ಸಾಲ. 1977ರಲ್ಲಿ ಎಚ್‌ಡಿಎಫ್‌ಸಿ, 1988ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕ್ ಸ್ಥಾಪನೆಯಾದವು. 1990ರ ದಶಕದ ಮಧ್ಯದಲ್ಲಿ ಶೇ 15ರ ಆಸುಪಾಸಿನಲ್ಲಿದ್ದ ಗೃಹಸಾಲದ ಬಡ್ಡಿ 2004ರ ವೇಳೆಗೆ ಶೇ 8ರ ಸುತ್ತಮುತ್ತ ಬಂತು. ಒಂದು ಲಕ್ಷ ರೂಪಾಯಿ ಸಾಲವನ್ನು ಶೇ 15ರ ಬಡ್ಡಿಯಲ್ಲಿ 20 ವರ್ಷಕ್ಕೆ ತೀರಿಸಲು ತಿಂಗಳಿಗೆ ಸುಮಾರು 1,317 ರೂಪಾಯಿ ಬೇಕು. ಬಡ್ಡಿ ಶೇ 8 ಆದರೆ ಅದೇ ಕಂತಿಗೆ ಒಂದು ಲಕ್ಷ 57 ಸಾವಿರ ಸಾಲ ಸಿಗುತ್ತದೆ. ಆದರೆ ಇಂಥ ಸಾಲ ಎಲ್ಲರ ಕೈಗೂ ಬಂದಾಗ ನೆಲ ಹಿಗ್ಗುವುದಿಲ್ಲ, ಅದರ ಬೆಲೆ ಹಿಗ್ಗುತ್ತದೆ. ಇಟ್ಟಿಗೆ, ಗಾರೆ ವರ್ಷ ಕಳೆದಂತೆ ಸವೆಯುತ್ತವೆ. ಹಳೆಯ ಮನೆಗೂ ಬೆಲೆ ಏರುತ್ತದೆಂದರೆ ಏರಿದ್ದು ಅದರಡಿಯ ನೆಲದ ಬೆಲೆ.

ಜನಗಣತಿಯ ‘ಸ್ವಂತ’ ಎಂಬ ಮಾತಿನ ಅರ್ಥವನ್ನೂ ಗಮನಿಸಬೇಕು. ಕಂತು ಪೂರ್ತಿ ತೀರದಿದ್ದರೂ ಆ ಮನೆ ಸ್ವಂತದ್ದೇ ಎಂದು ಲೆಕ್ಕ. ಹಿಂದಿನ ತಲೆಮಾರು ದುಡಿಮೆಯ ಕೊನೆಯಲ್ಲಿ ಮನೆ ಕಟ್ಟಿ ನೆಮ್ಮದಿ ಕಂಡರೆ, ಇಂದಿನವರು ದುಡಿಮೆಯ ಆರಂಭದಲ್ಲೇ ಮನೆ ಕೊಂಡು ಇಪ್ಪತ್ತು ವರ್ಷ ಕಂತಿಗೆ ದುಡಿಯುತ್ತಾರೆ.

ಇಷ್ಟಾದರೂ ಎಲ್ಲರಿಗೂ ಸೂರು ಸಿಕ್ಕಿತೇ? 2011ರಲ್ಲಿ ನಗರಗಳಲ್ಲಿ 1.1 ಕೋಟಿ ಮನೆಗಳು ಖಾಲಿ ಬಿದ್ದಿದ್ದವು. 2012ರಲ್ಲಿ ನಗರಗಳ ವಸತಿ ಕೊರತೆಯನ್ನು 1.88 ಕೋಟಿ ಮನೆಗಳೆಂದು ಕೇಂದ್ರದ ತಜ್ಞರ ತಂಡ ಅಂದಾಜು ಮಾಡಿತು. ಆ ಕೊರತೆಯ ಬಹುಪಾಲು ಬಡವರದು. ಮನೆ ವಾಸಕ್ಕಿಂತ ಹೆಚ್ಚಾಗಿ ಹಣ ಹೂಡುವ ವಸ್ತುವಾದಾಗ ಅದಕ್ಕೆ ಬೀಗ ಹಾಕಿಟ್ಟರೂ ಲಾಭವೇ. ಹಾಗೆ ಬೀಗ ಹಾಕಿಡಬಲ್ಲವರೂ ಸೇರಿ ಏರಿಸಿದ ಬೆಲೆಯನ್ನು, ತಲೆಯ ಮೇಲೊಂದು ಸೂರು ಬೇಕಾದವರು ತೆರಬೇಕಾಗಿದೆ.